ಟೆಸ್ಟ್ ಎಲ್ಲಾ ಹಸಿರು, ರೀಫಂಡ್ ಮಾತ್ರ ಬಂದಿಲ್ಲ

ಸಾಫ್ಟ್‌ವೇರ್ ಕೆಲಸದವರಿಗೆ ಬೆಳಿಗ್ಗೆ ಎದ್ದ ಕೂಡಲೇ ನೋಡೋಕೆ ಎರಡೇ ಬಣ್ಣ. ಒಂದು ಹಸಿರು, ಇನ್ನೊಂದು ಕೆಂಪು. ರಾತ್ರಿಯೆಲ್ಲಾ ಸರ್ವರ್ ಮೇಲೆ ಓಡಿದ ಟೆಸ್ಟುಗಳ ಫಲಿತಾಂಶ ಅದು. ಹಸಿರು ಕಂಡರೆ ಕಾಫಿ ಆರಾಮಾಗಿ ಗಂಟಲಲ್ಲಿ ಇಳಿಯುತ್ತೆ. ಕೆಂಪು ಕಂಡರೆ ತಟ್ಟೆಯಲ್ಲಿರುವ ಉಪ್ಪಿಟ್ಟು ಬಿಟ್ಟು ಲ್ಯಾಪ್‌ಟಾಪ್ ತೆಗೀಬೇಕು.

14 ವರ್ಷದಿಂದ ನಾನು ಟೆಸ್ಟಿಂಗ್ ಕೆಲಸದಲ್ಲೇ ಇದೀನಿ. ಕೆಂಪು ನೋಡಿ ನೋಡಿ ಅಭ್ಯಾಸ ಆಗಿಹೋಗಿದೆ. ಈಗಲೂ ಹೆದರಿಕೆ ಹುಟ್ಟಿಸೋದು ಸುಳ್ಳು ಹಸಿರು. ಟೆಸ್ಟ್ ನಿಜವಾಗಿ ಬಿದ್ದಿರುತ್ತೆ, ಆದರೆ ಬಿದ್ದ ಸುದ್ದಿ ನಮ್ಮ ತನಕ ಬರೋದೇ ಇಲ್ಲ. ದಾರಿ ಮಧ್ಯೆ ನಾಲ್ಕು ಸಾಲಿನ ಕೋಡ್ ಅದನ್ನ ಹಿಡಿದು ಜೇಬಿಗೆ ಹಾಕಿಕೊಂಡಿರುತ್ತೆ. ಆ ಕೋಡಿಗೆ ನಾವು ಗೌರವದಿಂದ ಕರೆಯೋ ಹೆಸರು ಎಕ್ಸೆಪ್ಷನ್ ಹ್ಯಾಂಡ್ಲಿಂಗ್.

ಈ ಸಲದ ಅಂಕಣ ಅದರ ಬಗ್ಗೆ. ಕೋಡ್ ಬರೆಯದವರೂ ಓದಿ. ಕೊನೆಗೆ ಇದು ನಮ್ಮೆಲ್ಲರ ಮನೆಯ ವಿಷಯವೇ ಅಂತ ಅನ್ನಿಸಬಹುದು.

ಕೈ ಎತ್ತುವ ಪ್ರೋಗ್ರಾಂ

ಬ್ಯಾಂಕಿನ ಸರ್ವರ್ ಉತ್ತರ ಕೊಡಲಿಲ್ಲ. ತೆರೆಯಬೇಕಾದ ಫೈಲ್ ಅಲ್ಲಿಲ್ಲ. ಸಂಖ್ಯೆ ಇರಬೇಕಾದ ಜಾಗದಲ್ಲಿ ಹೆಸರು ಬಂತು. ಇಂಥಾ ಕಡೆ ಪ್ರೋಗ್ರಾಂ ಮುಂದೆ ಹೋಗಲಾರದೆ, 'ನನ್ನಿಂದ ಆಗಲ್ಲ, ಯಾರಾದ್ರೂ ನೋಡಿ' ಅಂತ ಕೈ ಎತ್ತುತ್ತೆ. ಅದೇ ಎಕ್ಸೆಪ್ಷನ್. ಪೈಥಾನ್ ಭಾಷೆಯಲ್ಲಿ 'ಟ್ರೈ' ಅಂತ ಬರೆದು ಕೆಲಸ ಶುರು ಮಾಡ್ತೀವಿ, 'ಎಕ್ಸೆಪ್ಟ್' ಅಂತ ಬರೆದ ಜಾಗದಲ್ಲಿ ಆ ಎತ್ತಿದ ಕೈಯನ್ನ ಗಮನಿಸ್ತೀವಿ.

ಭಾಷೆಯೇ ಕೊಟ್ಟಿರೋ ಎಕ್ಸೆಪ್ಷನ್‌ಗಳು ಸಾಲದಿದ್ದರೆ ನಮ್ಮದೇ ಹೆಸರಿಟ್ಟು ಹೊಸದು ಮಾಡಿಕೊಳ್ಳಬಹುದು. ಅದು ಕಸ್ಟಮ್ ಎಕ್ಸೆಪ್ಷನ್. ಹೆಸರು ನೋಡಿದ ಕೂಡಲೇ ಎಲ್ಲಿ ಏನಾಯ್ತು ಅಂತ ಗೊತ್ತಾಗಲಿ ಅನ್ನೋದು ಉದ್ದೇಶ.

ಇನ್ನೊಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ. ಟೆಸ್ಟ್ ಬೀಳೋದು ಅಂದ್ರೂ ಒಂದು ಎಕ್ಸೆಪ್ಷನ್ನೇ. '250 ರೂಪಾಯಿ ಬರಬೇಕಿತ್ತು, ಸೊನ್ನೆ ಬಂದಿದೆ' ಅಂತ ಟೆಸ್ಟಿಗೆ ಗೊತ್ತಾದಾಗ ಅದು 'ಅಸರ್ಷನ್ ಎರರ್' ಅನ್ನೋ ಎಕ್ಸೆಪ್ಷನ್ ಎಸೆಯುತ್ತೆ. ಅದು ಮೇಲಿನ ತನಕ ತಲುಪಿದರೆ ಕೆಂಪು. ದಾರಿಯಲ್ಲಿ ಯಾರಾದ್ರೂ ಹಿಡಿದು ಸುಮ್ಮನಾದರೆ ಹಸಿರು.

ಪ್ರೊಬೇಷನ್‌ನಲ್ಲಿರೋ ಹುಡುಗಿಯ ಪ್ರಶ್ನೆ

ನಮ್ಮ ಆಫೀಸಿನ ಇನ್ನೊಂದು ತಂಡದಲ್ಲಿ ಸಾಗರದ ಕಡೆಯ ಒಬ್ಬಳು ಹುಡುಗಿ ಇದಾಳೆ. ಆಗ ಸೇರಿ ಐದು ತಿಂಗಳಾಗಿತ್ತು, ಕೆಲಸ ಇನ್ನೂ ಕನ್ಫರ್ಮ್ ಆಗಿರಲಿಲ್ಲ. ಬಸ್ ಟಿಕೆಟ್ ಬುಕಿಂಗ್ ಮತ್ತು ರೀಫಂಡ್ ವ್ಯವಸ್ಥೆಯ ಟೆಸ್ಟುಗಳು ಅವಳ ಪಾಲಿಗೆ ಬಂದಿದ್ದವು. ರಾತ್ರಿ ಓಡೋ ಟೆಸ್ಟ್ ಸೂಟ್ ವಾರಕ್ಕೆ ಒಂದೆರಡು ಸಲ ಅರ್ಧಕ್ಕೆ ನಿಂತುಬಿಡ್ತಿತ್ತು. ಬಿತ್ತು ಅಂತಲೂ ಇಲ್ಲ, ಮುಗೀತು ಅಂತಲೂ ಇಲ್ಲ, ಬೆಳಗಿನ ತನಕ ಹಾಗೇ ಕೂತಿರ್ತಿತ್ತು. 'ನೆಟ್‌ವರ್ಕ್ ಸಮಸ್ಯೆ ಇರಬೇಕು, ಇನ್ನೊಂದು ರೀಟ್ರೈ ಹಾಕು' ಅಂತ ಅವಳ ಲೀಡ್ ಹೇಳಿದ್ದರಂತೆ.

ಒಂದು ಮಧ್ಯಾಹ್ನ ಕ್ಯಾಂಟೀನಲ್ಲಿ ನನ್ನೆದುರು ಬಂದು ಕೂತಳು.

"ಅಕ್ಕಾ, ಒಂದು ಕೇಳ್ಲಾ? ಟೆಸ್ಟ್ ಬರೆಯೋರ ಕೆಲಸ ಟೆಸ್ಟ್ ಪಾಸ್ ಮಾಡ್ಸೋದಾ?"

"ಯಾಕೇ, ಏನಾಯ್ತು?"

"ಸೂಟ್ ಯಾಕೆ ನಿಲ್ಲುತ್ತೆ ಅಂತ ಹುಡುಕೋಕೆ ಹೋದೆ. ಅದು ಸಿಕ್ತು. ಆದ್ರೆ ಪಕ್ಕದಲ್ಲೇ ಇನ್ನೂ ದೊಡ್ಡದು ಸಿಕ್ಕಿದೆ. ಇಡೀ ಸೂಟೇ ಸುಳ್ಳು ಹೇಳ್ತಿದೆ ಅನ್ಸುತ್ತೆ. ಕನ್ಫರ್ಮೇಷನ್‌ಗೆ ಇನ್ನು ಮೂರು ವಾರ ಇದೆ. ಈಗ ಹೋಗಿ ಸರ್‌ಗೆ ಇದನ್ನ ಹೇಳ್ಲಾ, ಬೇಡ್ವಾ?"

ಅವಳ ಪ್ರಶ್ನೆ ಕೋಡಿನದಾಗಿರಲಿಲ್ಲ. ಊರಲ್ಲಿ ಅಪ್ಪ ಅಮ್ಮನಿಗೆ ಇವಳ ಸಂಬಳ ಗೊತ್ತು, ಸಾಲದ ಕಂತು ಶುರುವಾಗಿದೆ. ಕೆಟ್ಟ ಸುದ್ದಿ ಹೇಳೋಕೆ ಹೋಗಿ ತಾನೇ ಕೆಟ್ಟವಳಾದರೆ ಅನ್ನೋ ಭಯ ಅದು. ನಾನು 'ಮೊದಲು ತೋರ್ಸು' ಅಂದೆ. ಊಟ ಆದ ಮೇಲೆ ಇಬ್ಬರೂ ಅವಳ ಡೆಸ್ಕಿಗೆ ಹೋದ್ವಿ.

ಒಂದನೇ ಬಗ್: ಬಿಚ್ಚಿ ಕಳಿಸಿದ ಮಂಚ

ಟೆಸ್ಟುಗಳು ಬೇಗ ಮುಗೀಲಿ ಅಂತ ಆ ಸೂಟನ್ನ ಏಕಕಾಲಕ್ಕೆ ಹಲವು ಪ್ರೊಸೆಸ್‌ಗಳಲ್ಲಿ ಓಡಿಸ್ತಿದ್ರು. ಪೈಥಾನ್‌ನ ಮಲ್ಟಿಪ್ರೊಸೆಸಿಂಗ್ ಪೂಲ್ ಬಳಸಿ ಯಾರೋ ಹಿಂದೆ ಬರೆದಿದ್ದ ರನ್ನರ್ ಅದು. ಒಂದು ಪ್ರೊಸೆಸ್‌ನಲ್ಲಿ ಎಕ್ಸೆಪ್ಷನ್ ಬಂದರೆ ಅದು ಮುಖ್ಯ ಪ್ರೊಸೆಸ್‌ಗೆ ಹೋಗಬೇಕು. ಇದ್ದ ಹಾಗೇ ಹೋಗೋಕಾಗಲ್ಲ. ಮನೆ ಬದಲಾಯಿಸುವಾಗ ಮಂಚ ಬಿಚ್ಚಿ ಲಾರಿಗೆ ಹಾಕಿ, ಹೊಸ ಮನೆಯಲ್ಲಿ ಮತ್ತೆ ಜೋಡಿಸ್ತೀವಲ್ಲ, ಹಾಗೆ ಆಗಬೇಕು. ಪೈಥಾನ್‌ನಲ್ಲಿ ಈ ಬಿಚ್ಚಿ ಕಟ್ಟೋ ಕೆಲಸಕ್ಕೆ ಪಿಕಲ್ ಅಂತಾರೆ. ಹೌದು, ಉಪ್ಪಿನಕಾಯಿಯೇ.

ಅವರ ಕಸ್ಟಮ್ ಎಕ್ಸೆಪ್ಷನ್ ಹುಟ್ಟೋಕೆ ಎರಡು ವಿಷಯ ಬೇಕಿತ್ತು: ಯಾವ ಹಂತ, ಯಾವ ಟಿಕೆಟ್ ನಂಬರ್. ಆದರೆ ಅದು ತನ್ನ ಮೂಲ ಎಕ್ಸೆಪ್ಷನ್ ಕ್ಲಾಸಿಗೆ ಎರಡನ್ನೂ ಕೊಡದೆ, ಎರಡನ್ನೂ ಸೇರಿಸಿದ ಒಂದೇ ಒಂದು ವಾಕ್ಯ ಕೊಡ್ತಿತ್ತು. ಜೋಡಿಸುವಾಗ ಪೈಥಾನ್ ಆ ಮೂಲ ಕ್ಲಾಸಿನಲ್ಲಿ ಉಳಿದಿರೋದನ್ನೇ ನೋಡುತ್ತೆ. ಎರಡು ಬೇಕು, ಸಿಕ್ಕಿದ್ದು ಒಂದು. ಜೋಡಿಸೋಕಾಗದೆ ಅಲ್ಲೇ ಹೊಸದೊಂದು ಟೈಪ್ ಎರರ್. ಫಲಿತಾಂಶ ತೆಗೆದುಕೊಳ್ಳೋಕೆ ಕೂತಿದ್ದ ಥ್ರೆಡ್ಡೇ ಅದರಿಂದ ಸತ್ತುಹೋಗ್ತಿತ್ತು. ಮುಖ್ಯ ಪ್ರೊಸೆಸ್ ಮಾತ್ರ ಬಾರದ ಉತ್ತರಕ್ಕೆ ಬೆಳಗಿನ ತನಕ ಕಾಯ್ತಾ ಕೂತಿರ್ತಿತ್ತು. ನೆಟ್‌ವರ್ಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಎಷ್ಟು ರೀಟ್ರೈ ಹಾಕಿದ್ರೂ ಉಪಯೋಗ ಇರಲಿಲ್ಲ.

ಸರಿಮಾಡೋಕೆ ಎರಡೇ ಸಾಲು. ಎರಡು ವಿಷಯವನ್ನೂ ಮೂಲ ಕ್ಲಾಸಿಗೆ ಹಾಗೇ ದಾಟಿಸೋದು, ಓದೋಕೆ ಬೇಕಾದ ವಾಕ್ಯವನ್ನ ತೋರಿಸುವಾಗ ಮಾತ್ರ ಕಟ್ಟೋದು. ಜೊತೆಗೆ ಒಂದು ಪುಟ್ಟ ಟೆಸ್ಟ್: ಪ್ರತಿಯೊಂದು ಕಸ್ಟಮ್ ಎಕ್ಸೆಪ್ಷನ್ನನ್ನೂ ಪಿಕಲ್ ಮಾಡಿ, ವಾಪಸ್ ತೆಗೆದು, ಎರಡೂ ವಿಷಯ ಉಳಿದಿದೆಯಾ ಅಂತ ನೋಡೋದು.

ಎರಡನೇ ಬಗ್: ಕಾರಣ ಅಳಿಸಿದ ವರದಿ

ಸೂಟ್ ನಿಲ್ಲೋದು ತಪ್ಪಿದ ಮೇಲೆ ಎರರ್ ಏನೋ ಕಾಣಿಸೋಕೆ ಶುರುವಾಯ್ತು. ಆದರೆ ಅದರಲ್ಲಿದ್ದದ್ದು 'ಸಿದ್ಧತೆ ವಿಫಲ' ಅನ್ನೋದಷ್ಟೇ. ಯಾಕೆ ವಿಫಲ? ಡೇಟಾಬೇಸ್ ಸಿಗಲಿಲ್ವಾ, ಪಾಸ್‌ವರ್ಡ್ ಅವಧಿ ಮುಗೀತಾ? ಏನೂ ಇಲ್ಲ. ಡಾಕ್ಟರ್ ಹತ್ರ ಹೋದವರು 'ಹುಷಾರಿಲ್ಲ' ಅಂತಷ್ಟೇ ಹೇಳಿ ಸುಮ್ಮನೆ ಕೂತ ಹಾಗೆ.

ಪೈಥಾನ್ 3 ಬಂದಾಗಿನಿಂದ, ಒಂದು ಎಕ್ಸೆಪ್ಷನ್ ಹಿಡಿದ ಜಾಗದಲ್ಲೇ ಇನ್ನೊಂದನ್ನ ಎಸೆದರೆ ಹಳೆಯದನ್ನೂ ಭಾಷೆಯೇ ನೆನಪಿಟ್ಟುಕೊಂಡು ಮೇಲೆ ತೋರಿಸುತ್ತೆ. ಬೇಕು ಅಂದ್ರೆ 'ಇದಕ್ಕೆ ನೇರ ಕಾರಣ ಇದೇ' ಅಂತ 'ಫ್ರಮ್' ಹಾಕಿ ನಾವೇ ಹೇಳಬಹುದು. ಅದೇ 'ಫ್ರಮ್' ಪಕ್ಕ 'ನನ್' ಅಂತ ಬರೆದರೆ ಹಳೆಯದು ವರದಿಯಲ್ಲಿ ಮುಚ್ಚಿಹೋಗುತ್ತೆ. ಇಲ್ಲಿ ಎಲ್ಲಾ ಕಡೆ 'ಫ್ರಮ್ ನನ್' ಇತ್ತು. ವರದಿ ಚಿಕ್ಕದಾಗಿ, ಚೊಕ್ಕವಾಗಿ ಕಾಣಲಿ ಅಂತ ಮಾಡಿದ್ದಿರಬೇಕು.

ಹುಡುಗಿ ಒಂದೊಂದನ್ನೂ ಬದಲಾಯಿಸಿ ಮೂಲ ಎಕ್ಸೆಪ್ಷನ್ನಿನ ಹೆಸರು ಹಾಕಿದಳು. ಆ ರಾತ್ರಿಯ ವರದಿ ಉದ್ದ ಆಯ್ತು, ಆದರೆ ಮೊದಲ ಸಲ ಓದಿದ ಕೂಡಲೇ ಅರ್ಥ ಆಗೋ ಹಾಗಿತ್ತು. ಸಿದ್ಧತೆ ವಿಫಲ ಆಗ್ತಿದ್ದದ್ದು ಒಂದೇ ಪ್ರಯಾಣಿಕರ ಖಾತೆಯನ್ನ ಎರಡು ಟೆಸ್ಟ್ ಒಟ್ಟಿಗೆ ಹುಟ್ಟಿಸೋಕೆ ಹೋಗ್ತಿದ್ದರಿಂದ.

ಮೂರನೇ ಬಗ್: ಎಲ್ಲವನ್ನೂ ನುಂಗುವ ಬಾಯಿ

ಅವಳು ಹೆದರಿದ್ದು ಇದನ್ನ ನೋಡಿ. ಆ ಸೂಟಿನಲ್ಲಿ ಪ್ರತಿ ಟೆಸ್ಟಿನ ಪ್ರತಿ ಹಂತವೂ ಒಂದು ಸಹಾಯಕ ಫಂಕ್ಷನ್ ಮೂಲಕವೇ ಹೋಗಬೇಕಿತ್ತು. ಅದರೊಳಗೆ 'ಎಕ್ಸೆಪ್ಟ್ ಎಕ್ಸೆಪ್ಷನ್' ಅಂತ ಬರೆದು, ಸಿಕ್ಕಿದ್ದನ್ನ ಲಾಗ್ ಫೈಲಿಗೆ ಬರೆದು, 'ಫಾಲ್ಸ್' ಅಂತ ವಾಪಸ್ ಕಳಿಸ್ತಿತ್ತು. ಆ 'ಫಾಲ್ಸ್' ಯಾವ ಟೆಸ್ಟೂ ನೋಡ್ತಿರಲಿಲ್ಲ.

ಪೈಥಾನ್ ಎಕ್ಸೆಪ್ಷನ್‌ಗಳಿಗೂ ಒಂದು ವಂಶವೃಕ್ಷ ಇದೆ. ಎಲ್ಲಕ್ಕೂ ಮೇಲೆ ಬೇಸ್ ಎಕ್ಸೆಪ್ಷನ್ ಅನ್ನೋ ಅಜ್ಜ. ಅವನ ಮಗ ಎಕ್ಸೆಪ್ಷನ್. ನಮ್ಮ ದಿನನಿತ್ಯದ ಎರರ್‌ಗಳು ಈ ಮಗನ ಮನೆಯವು. ಅಸರ್ಷನ್ ಎರರ್ ಕೂಡ ಅದೇ ಮನೆಯದು. ಹಾಗಾಗಿ 'ಎಕ್ಸೆಪ್ಷನ್ ಹಿಡಿ' ಅಂದ್ರೆ ಟೆಸ್ಟ್ ಬಿದ್ದ ಸುದ್ದಿಯೂ ಸಿಕ್ಕಿಬೀಳುತ್ತೆ. ಪೈಟೆಸ್ಟ್ ಮಾಡಿದವರಿಗೆ ಈ ಅಪಾಯ ಗೊತ್ತಿತ್ತು. 'ಈ ಟೆಸ್ಟ್ ಬಿತ್ತು' ಅಂತ ನಾವೇ ಸಾರೋ ಅವರ 'ಫೇಲ್' ಅಸ್ತ್ರವನ್ನ ನೇರ ಅಜ್ಜನ ಕೆಳಗೇ ಇಟ್ಟಿದ್ದಾರೆ, ಮಗನ ಬಲೆಗೆ ಅದು ಬೀಳಲ್ಲ. ಆದರೆ ನಾವು ದಿನಾ ಬಳಸೋ ಸಾಮಾನ್ಯ 'ಅಸರ್ಟ್'ಗೆ ಆ ರಕ್ಷಣೆ ಇಲ್ಲ.

ಇದನ್ನ ಲೀಡ್‌ಗೆ ಹೇಗೆ ಹೇಳೋದು? ನಾನಂದೆ: "ಸುಳ್ಳು ಅನ್ನೋ ಪದ ಬಳಸಬೇಡ ಕಣೇ. ಒಂದು ಟೆಸ್ಟ್ ಬರಿ. ಒಂದು ಎರಡಕ್ಕೆ ಸಮ ಅಂತ. ಅದನ್ನ ಎಲ್ಲರೆದುರು ಓಡ್ಸು. ಆಮೇಲೆ ನೀನು ಮಾತಾಡೋದೇ ಬೇಕಾಗಲ್ಲ."

ಮರುದಿನ ಮೀಟಿಂಗ್‌ನಲ್ಲಿ ಹಾಗೇ ಮಾಡಿದಳು. ಒಂದು ಎರಡಕ್ಕೆ ಸಮ. ಹಸಿರು. ಲೀಡ್ ಸ್ಕ್ರೀನ್ ಹತ್ರ ಬಂದು, "ಇನ್ನೊಂದ್ಸಲ ಓಡ್ಸಮ್ಮ" ಅಂದ್ರು. ಮತ್ತೆ ಹಸಿರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಾಲ್ಕನೇ ಬಗ್: ಯಾವ ತಪ್ಪಾದ್ರೂ ಸರಿ

ಕೆಲವು ಟೆಸ್ಟುಗಳು ಎರರ್ ಬರಬೇಕು ಅಂತಲೇ ಕಾಯ್ತಾವೆ. 'ಬಸ್ ಹೊರಟ ಮೇಲೆ ಕ್ಯಾನ್ಸಲ್ ಮಾಡೋಕೆ ಹೋದರೆ ನಿರಾಕರಿಸಬೇಕು' ಅನ್ನೋದು ಅಂಥದ್ದು. ಇದನ್ನ ಪೈಟೆಸ್ಟ್‌ನಲ್ಲಿ 'ರೈಸಸ್' ಬಳಸಿ ಬರೀತೀವಿ. ಅಲ್ಲಿ ಯಾವ ಎಕ್ಸೆಪ್ಷನ್ ಅಂತ ಖಚಿತವಾಗಿ ಹೇಳದೆ 'ಯಾವುದಾದ್ರೂ ಎಕ್ಸೆಪ್ಷನ್' ಅಂತ ಬರೆದುಬಿಟ್ಟಿದ್ರು.

ಆಮೇಲೆ ಯಾವಾಗಲೋ ಕ್ಯಾನ್ಸಲ್ ಫಂಕ್ಷನ್‌ಗೆ ಹೊಸದೊಂದು ಮಾಹಿತಿ ಕಡ್ಡಾಯ ಆಯ್ತು. ಟೆಸ್ಟ್ ಅದನ್ನ ಕೊಡ್ತಿರಲಿಲ್ಲ, ಕರೆದ ಕೂಡಲೇ ಟೈಪ್ ಎರರ್ ಬರ್ತಿತ್ತು. ಟೆಸ್ಟಿಗೆ ಖುಷಿ, ಎರರ್ ಬಂತಲ್ಲ! ಬಸ್ ಹೊರಟಿದೆಯೋ ಇಲ್ಲವೋ ಅನ್ನೋ ನಿಯಮದ ತನಕ ಅದು ಹೋಗ್ತಲೇ ಇರಲಿಲ್ಲ. ಬಾಗಿಲಲ್ಲೇ ಎಡವಿ ಬಿದ್ದವನಿಗೆ ಪರೀಕ್ಷೆ ಪಾಸ್ ಅಂದ ಹಾಗಾಯ್ತು.

ಇಲ್ಲಿ ಕಸ್ಟಮ್ ಎಕ್ಸೆಪ್ಷನ್ ನಿಜವಾಗಿ ಉಪಯೋಗಕ್ಕೆ ಬರುತ್ತೆ. 'ಬಸ್ ಹೊರಟಿದೆ' ಅನ್ನೋ ತಪ್ಪಿಗೆ ಅದರದ್ದೇ ಹೆಸರು ಕೊಟ್ಟು, ಟೆಸ್ಟಿನಲ್ಲಿ ಅದೇ ಹೆಸರನ್ನ ಕೇಳಬೇಕು. ಆ ಬ್ಲಾಕಿನೊಳಗೆ ಪರೀಕ್ಷಿಸಬೇಕಾದ ಒಂದೇ ಸಾಲು ಇರಬೇಕು, ತಯಾರಿಯೆಲ್ಲಾ ಹೊರಗೆ.

ಕೆಂಪಾದ ದಿನ

ನಾಲ್ಕೂ ಸರಿಮಾಡಿದ ರಾತ್ರಿ 23 ಟೆಸ್ಟ್ ಕೆಂಪಾದವು. ಬಿಡುಗಡೆಗೆ ಮೂರೇ ದಿನ ಇತ್ತು. 'ನಿನ್ನೆ ತನಕ ಎಲ್ಲಾ ಸರಿ ಇತ್ತಲ್ಲ, ಏನು ಹಾಳುಮಾಡಿದ್ರಿ' ಅಂತ ಮ್ಯಾನೇಜರ್ ಕೇಳಿದ್ರಂತೆ. ಉತ್ತರ ಕೊಟ್ಟಿದ್ದು ಲೀಡ್: "ಇವತ್ತು ಹಾಳಾಗಿದ್ದಲ್ಲ ಸರ್, ಇವತ್ತು ಗೊತ್ತಾಗಿದ್ದು." ಆ ಮಾತಿಗೆ ಅವರ ಮೇಲೆ ನನಗೆ ಗೌರವ ಬಂತು.

23ರಲ್ಲಿ 19 ಟೆಸ್ಟುಗಳದ್ದೇ ಹಳೇ ಕಸ. ಉಳಿದ 4 ನಿಜವಾದ ಬಗ್. ಅದರಲ್ಲೊಂದು ಹೀಗಿತ್ತು: ಎರಡು ಸೀಟ್ ಬುಕ್ ಮಾಡಿ ಒಂದನ್ನ ಮಾತ್ರ ಕ್ಯಾನ್ಸಲ್ ಮಾಡಿದರೆ ರೀಫಂಡ್ ಮೊತ್ತ ಸೊನ್ನೆ. ಇದಕ್ಕೊಂದು ಟೆಸ್ಟ್ ಮೊದಲಿನಿಂದಲೂ ಇತ್ತು. ಪ್ರತಿ ರಾತ್ರಿ ಅದು ಬೀಳ್ತಿತ್ತು, ಲಾಗ್ ಫೈಲಿನಲ್ಲಿ ಪ್ರತಿ ರಾತ್ರಿ ಒಂದು ಸಾಲು ಸೇರ್ತಿತ್ತು. ಇತ್ತ ಗ್ರಾಹಕರು ಫೋನ್ ಮಾಡಿದರೆ, 'ಏಳು ಕೆಲಸದ ದಿನ ಕಾಯಿರಿ, ಬ್ಯಾಂಕಿನಿಂದ ತಡ ಆಗಿದೆ' ಅಂತ ಸಪೋರ್ಟಿನವರು ಹೇಳ್ತಿದ್ರು. ಅವರಾದ್ರೂ ಏನು ಮಾಡ್ತಾರೆ? ಅವರ ಕಣ್ಣಿಗೂ ಎಲ್ಲಾ ಹಸಿರೇ. ಅಮ್ಮನ ಜೊತೆ ಊರಿಗೆ ಹೊರಟು ಕೊನೇ ಗಳಿಗೆಯಲ್ಲಿ ಒಬ್ಬರೇ ಹೋದ ಎಷ್ಟೋ ಜನರ ದುಡ್ಡು ಅದು.

ಬಿಡುಗಡೆ ಒಂದು ವಾರ ಮುಂದೆ ಹೋಯ್ತು. ಬಾಕಿ ಇದ್ದ ರೀಫಂಡ್‌ಗಳ ಪಟ್ಟಿ ತಯಾರಾಯ್ತು. ಹುಡುಗಿಯ ಕೆಲಸ ಕನ್ಫರ್ಮ್ ಆಯ್ತು.

ಆ ನುಂಗುವ ಫಂಕ್ಷನ್ ಬರೆದವರು ಕಂಪನಿ ಬಿಟ್ಟು ಬಹಳ ದಿನ ಆಗಿದೆ. ಅವರನ್ನ ಬೈಯೋದು ಸುಲಭ. ಆದರೆ ಅದರ ಮೇಲಿದ್ದ ಟಿಪ್ಪಣಿ ಓದಿದರೆ ಕಾರಣ ಗೊತ್ತಾಗುತ್ತೆ: ಒಂದು ಹಂತ ಬಿದ್ದ ಕೂಡಲೇ ಇಡೀ ಟೆಸ್ಟ್ ನಿಲ್ಲೋದು ಬೇಡ, ಉಳಿದ ಹಂತಗಳ ಫಲಿತಾಂಶವೂ ಬೇಕು ಅಂತ ಮಾಡಿದ್ದು. ಬೇಡಿಕೆ ನ್ಯಾಯವಾದದ್ದೇ. ಈಗ ಅದನ್ನ ಬೇರೆ ರೀತಿ ಮಾಡಿದಾರೆ. ಪ್ರತಿ ಹಂತದ ತಪ್ಪನ್ನೂ ಒಂದು ಪಟ್ಟಿಯಲ್ಲಿ ಕೂಡಿಟ್ಟು, ಕೊನೆಗೆ ಪಟ್ಟಿ ಖಾಲಿ ಇಲ್ಲದಿದ್ದರೆ ಎಲ್ಲವನ್ನೂ ಒಟ್ಟಿಗೆ ಎಸೆಯೋದು. 2022ರಲ್ಲಿ ಬಂದ ಪೈಥಾನ್ 3.11ರಲ್ಲಿ ಇದಕ್ಕೇ ಎಕ್ಸೆಪ್ಷನ್ ಗ್ರೂಪ್ ಅನ್ನೋ ಸೌಲಭ್ಯ ಇದೆ.

ರಾಕೆಟ್ಟಿಗೂ ತಪ್ಪಿದ್ದಲ್ಲ

ಇದು ನಮ್ಮ ಆಫೀಸಿನ ಕಥೆ ಮಾತ್ರ ಅಂದುಕೊಳ್ಳಬೇಡಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿತು. ಒಂದು ನಿಮಿಷವೂ ಆಗಿರಲಿಲ್ಲ, ದಾರಿ ತಪ್ಪಿ ನಾಶವಾಯ್ತು. ಜೊತೆಗಿದ್ದ 4 ಕ್ಲಸ್ಟರ್ ಉಪಗ್ರಹಗಳೂ ಹೋದವು.

ಕಾರಣ: 64 ಬಿಟ್‌ನ ಒಂದು ದಶಮಾಂಶ ಸಂಖ್ಯೆಯನ್ನ 16 ಬಿಟ್‌ನ ಪೂರ್ಣಾಂಕಕ್ಕೆ ತುಂಬಿಸೋಕೆ ಹೋಗಿ ಎಕ್ಸೆಪ್ಷನ್ ಬಂತು. ಆ ಕೋಡ್ ಏರಿಯಾನ್ 4ರಿಂದ ತಂದದ್ದು. ಅಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗ್ತಿರಲಿಲ್ಲ. ಎಕ್ಸೆಪ್ಷನ್ ಬಂದ ಕೂಡಲೇ ದಿಕ್ಕು ಹೇಳುವ ಕಂಪ್ಯೂಟರ್ ನಿಯಮದ ಪ್ರಕಾರ ಕೆಲಸ ನಿಲ್ಲಿಸಿತು. ಬದಲಿಗಿದ್ದ ಇನ್ನೊಂದರಲ್ಲೂ ಅದೇ ಕೋಡ್, ಅದೂ ನಿಂತಿತು. ನಿಲ್ಲುವಾಗ ಅದು ಕಳಿಸಿದ ದೋಷದ ಮಾಹಿತಿಯನ್ನ ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಅಂದುಕೊಂಡು ರಾಕೆಟ್ಟನ್ನ ತಿರುಗಿಸಿತು. ಕೆಟ್ಟ ಸುದ್ದಿ ಹೊರಟಿತ್ತು, ತಲುಪಿಯೂ ಇತ್ತು. ಕೆಟ್ಟ ಸುದ್ದಿ ಅಂತ ಮಾತ್ರ ಅರ್ಥವಾಗಲಿಲ್ಲ.

2014ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಕಸ್ಸಾಂಡ್ರಾ, ಎಚ್‌ಬೇಸ್, ರೆಡಿಸ್ ಸೇರಿದಂತೆ 5 ವ್ಯವಸ್ಥೆಗಳ 198 ವೈಫಲ್ಯಗಳನ್ನ ಕೂತು ಪರಿಶೀಲಿಸಿದರು. ಇಡೀ ವ್ಯವಸ್ಥೆಗೇ ಪೆಟ್ಟು ಕೊಟ್ಟಂಥ ಅನಾಹುತಗಳಲ್ಲಿ ಶೇ. 92ರಷ್ಟು, ಸಾಫ್ಟ್‌ವೇರ್ ತಾನೇ ಸ್ಪಷ್ಟವಾಗಿ ಸೂಚಿಸಿದ್ದ ಎರರನ್ನ ಸರಿಯಾಗಿ ನಿಭಾಯಿಸದೆ ಆದಂಥವು. ಕೆಲವು ಕಡೆ ಹ್ಯಾಂಡ್ಲರ್ ಖಾಲಿ, ಅಥವಾ ಬರೀ ಲಾಗ್. ಇನ್ನು ಕೆಲವು ಕಡೆ 'ಆಮೇಲೆ ಮಾಡಬೇಕು' ಅನ್ನೋ ಟಿಪ್ಪಣಿ. ಓದಿದರೆ ನಮ್ಮದೇ ಕೋಡ್ ನೋಡಿದ ಹಾಗಾಗುತ್ತೆ ಅಲ್ವಾ?

ನಾಳೆ ಆಫೀಸಿಗೆ ಹೋದಾಗ

ಐದು ಕೆಲಸ ಹೇಳ್ತೀನಿ, ಒಂದು ಮಧ್ಯಾಹ್ನ ಸಾಕು.

ಒಂದು, 'ಒಂದು ಎರಡಕ್ಕೆ ಸಮ' ಟೆಸ್ಟನ್ನ ನಿಮ್ಮ ಸೂಟಿನಲ್ಲಿ, ಎಲ್ಲರೂ ಬಳಸೋ ಸಹಾಯಕ ಫಂಕ್ಷನ್ ಮೂಲಕವೇ ಓಡಿಸಿ. ಹಸಿರು ಬಂದರೆ ಉಳಿದ ಕೆಲಸ ಬಿಟ್ಟು ಅದನ್ನ ನೋಡಿ.

ಎರಡು, 'ಎಕ್ಸೆಪ್ಟ್ ಎಕ್ಸೆಪ್ಷನ್' ಅಂತ ಇಡೀ ಕೋಡಿನಲ್ಲಿ ಹುಡುಕಿ. ಪ್ರತಿಯೊಂದರ ಮುಂದೆ ಕೂತು 'ಇದು ಹಿಡಿದದ್ದನ್ನ ಯಾರಿಗೆ ಹೇಳುತ್ತೆ?' ಅಂತ ಕೇಳಿ. ಲಾಗ್ ಫೈಲಿಗೆ ಅನ್ನೋದು ಉತ್ತರವಾದರೆ, ಆ ಫೈಲನ್ನ ಓದುವವರು ಯಾರು ಅಂತಲೂ ಕೇಳಿ.

ಮೂರು, 'ಫೈನಲಿ' ಬ್ಲಾಕಿನೊಳಗೆ 'ರಿಟರ್ನ್' ಇದೆಯಾ ನೋಡಿ. ಅದು ಬರ್ತಿರೋ ಎಕ್ಸೆಪ್ಷನ್ನನ್ನ ಸದ್ದಿಲ್ಲದೆ ನುಂಗುತ್ತೆ. ಪೈಥಾನ್ 3.14 ಇದಕ್ಕೆ ಎಚ್ಚರಿಕೆ ಕೊಡೋಕೂ ಶುರುಮಾಡಿದೆ.

ನಾಲ್ಕು, ಹೊಸ ಕಸ್ಟಮ್ ಎಕ್ಸೆಪ್ಷನ್ ಬರೆದ ದಿನವೇ ಅದಕ್ಕೂ ಟೆಸ್ಟ್ ಬರೀರಿ. ಪಿಕಲ್ ಆಗುತ್ತಾ, ಮೂಲ ಕಾರಣ ಉಳಿಯುತ್ತಾ, ಸಂದೇಶ ಓದಿದರೆ ಅರ್ಥ ಆಗುತ್ತಾ.

ಐದು, ಹಸಿರು ಟೆಸ್ಟೊಂದನ್ನ ಆರಿಸಿ, ಅದು ಕಾಯೋ ಕೋಡನ್ನ ನಿಮ್ಮ ಮೆಷಿನ್ನಿನಲ್ಲಿ ಬೇಕಂತಲೇ ಕೆಡಿಸಿ. ಟೆಸ್ಟ್ ಕೆಂಪಾಗಬೇಕು. ಆಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಕೋಡ್ ಬರೆಯದ ಓದುಗರಿಗೆ ಆರನೇದೊಂದು. ಊರಿಗೆ ಫೋನ್ ಮಾಡಿ 'ಹೇಗಿದೀಯಮ್ಮ' ಅಂದ್ರೆ 'ಎಲ್ಲಾ ಚೆನ್ನಾಗಿದೆ ಕಣೋ' ಅಂತಾರೆ. ಬಿಪಿ ಮಾತ್ರೆ ಮುಗಿದು ನಾಲ್ಕು ದಿನ ಆಗಿರುತ್ತೆ. ನಾವೂ ಅಷ್ಟೇ, ಕೆಲಸ ಹೋಗೋ ಸುದ್ದಿ ಇದ್ದರೂ 'ಆರಾಮಿದೀನಿ' ಅಂತೀವಿ. ಪ್ರೀತಿಯಿಂದಲೇ ಮಾಡೋದು, ಆ ಹಳೇ ಫಂಕ್ಷನ್ ಬರೆದವರ ಹಾಗೆ. ಹಾಗಾಗಿ 'ಹೇಗಿದೀಯ' ಅಂತ ಕೇಳೋದರ ಬದಲು 'ಮಾತ್ರೆ ಎಷ್ಟು ಉಳಿದಿದೆ, ಎಣಿಸಿ ಹೇಳು' ಅಂತ ಕೇಳಿ ನೋಡಿ. ಆ ಕಡೆಯಿಂದ ನಿಜವಾದ ಉತ್ತರ ಬಂದಾಗ ಬೈಯಬೇಡಿ. ಬೈದರೆ ಮುಂದಿನ ಸಲ ಮತ್ತೆ ಹಸಿರೇ ಬರುತ್ತೆ.

ನಿಮ್ಮ ಸೂಟಿನಲ್ಲಿ ಆ ಟೆಸ್ಟ್ ಓಡಿಸಿದಿರಾ? ಯಾವ ಬಣ್ಣ ಬಂತು ಅಂತ ಬರೆದು ತಿಳಿಸಿ. ಮುಂದಿನ ಸಲ ಸಿಗೋಣ.